ಲೇನಾ ಯಾರ ಕೈ ಹಿಡಿಯುತ್ತಾಳೆ

ನಮ್ಮ ಮುದಿ ಧಣಿ ಯಾಕೋಬಸ್ ಕ್ರೋಮ್‌ನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ನನಗೆ ಇದ್ದಕ್ಕಿದ್ದಂತೆ ಬೆಲೆ ಬಂದುಬಿಟ್ಟಿತು ನೋಡಿ! ಬೆಳಿಗ್ಗೆಯವರೆಗೂ ‘ಏ ಲೇನಾ’ ಎನ್ನುತ್ತಿದ್ದ ಬಾಯಿಗಳೆಲ್ಲ ‘ಲೇನಾ, ನಿಂದು ಊಟ ಆಯ್ತಾ?’ ಎಂದು ಕೇಳತೊಡಗಿದವು. ಹುಟ್ಟಿದಾಗಿನಿಂದ ಈ ಮನೆಯಲ್ಲಿ ಗುಲಾಮಳಾಗಿ ದುಡಿದವಳು ನಾನು. ಹಾಗೆ ಒಬ್ಬರೂ ಕೇಳಿದ್ದಿಲ್ಲ.

ಎಲ್ಲ ಉಯಿಲಿನ ಮಹಿಮೆ. ಪಾದ್ರಿ ಅದನ್ನು ಎಲ್ಲರೆದುರು ಓದಿದ್ದ. ಹೊಲ, ಲಾಯ, ಗೋಧಿಯ ಕಣಜ ಮಗ ವೌಟರನಿಗೆ. ಅರ್ಧ ಹಸುಗಳು ಮತ್ತು ಗೋಡೆಯಷ್ಟು ಎತ್ತರದ ಓಕ್ ಮರದ ಬೀರು ವಿಧವೆ ಮಗಳು ಮಾರ್ಗ್ರೀಟಳಿಗೆ. ಬೀರು ಆದಮೇಲೆ, ಕುರಿಗಳಿಗಿಂತ ಮುಂಚೆ, ನಾನು ಹೆತ್ತ ಕೂಸು: ‘ಲೇನಾಳ ಮಗಳು ಫೀಬೆ ವೌಟರನಿಗೆ.’ ಕಟ್ಟಕಡೆಗೆ ನಾನು: ‘ಲೇನಾ ನಿಯತ್ತಿನಿಂದ ದುಡಿದಿದ್ದಾಳೆ. ನನ್ನ ಇಬ್ಬರು ಮಕ್ಕಳಲ್ಲಿ ಯಾರ ಬಳಿ ಇರಬೇಕೆಂಬುದನ್ನು ಅವಳೇ ಆರಿಸಿಕೊಳ್ಳಲಿ.’

ನಮ್ಮ ಹಡ್ಸನ್ ಹೊಳೆದಂಡೆಯ ಡಚ್ಚರಲ್ಲಿ ಇದು ಇದ್ದದ್ದೇ. ಬೇಕಾದ ಆಳಿಗೆ ಧಣಿ ಸಾಯುವಾಗ ಇಂಥದೊಂದು ಮಾತು ಬಿಟ್ಟುಹೋಗುತ್ತಾನೆ. ಸಾವಿಗೆ ಬಂದ ಜನ ಏಳುವ ಮುಂಚೆ ಆ ಆಳು ತಾನು ಆರಿಸಿದವರ ಕೈ ಹಿಡಿಯಬೇಕು. ಹಿಡಿದರೆ ಮುಗಿಯಿತು. ಸತ್ತ ಅಪ್ಪನ ಮಾತು ಮೀರಿದವನ ಹೊಲಕ್ಕೆ ಕೊಯ್ಲಿನಲ್ಲಿ ಕೈಜೋಡಿಸಲು ಒಬ್ಬ ನೆರೆಯವನೂ ಕಾಲಿಡುವುದಿಲ್ಲ. ಇಂಗ್ಲಿಷ್ ರಾಜನನ್ನು ಓಡಿಸಿ ಸ್ವಾತಂತ್ರ್ಯ ತಂದೆವೆಂದು ಮುದುಕ ಪ್ರತಿ ಬೇಸಿಗೆಯೂ ಕುಡಿದು ಕುಣಿಯುತ್ತಿದ್ದ. ಆ ಸ್ವಾತಂತ್ರ್ಯದಲ್ಲಿ ನನ್ನ ಪಾಲಿಗೆ ಬಂದದ್ದು ಇಷ್ಟೇ.

ಇಬ್ಬರಿಗೂ ನಾನೇ ಬೇಕಿತ್ತು, ಯಾಕೆಂದರೆ ಬೆಣ್ಣೆ! ಕ್ರೋಮರ ಬೆಣ್ಣೆ ಎಂದರೆ ನ್ಯೂಯಾರ್ಕಿನವರು ದೋಣಿಕಟ್ಟೆಯಲ್ಲೇ ಕಿತ್ತಾಡುತ್ತಿದ್ದರು. ಅದನ್ನು ಕಡೆದವಳು ನಾನು. ಕ್ರೋಮರಲ್ಲಿ ಒಬ್ಬರೂ ಕಡೆಗೋಲು ಮುಟ್ಟಿದವರಲ್ಲ.

ಮೊದಲು ಮಾರ್ಗ್ರೀಟ್ ಅಡುಗೆಮನೆಗೆ ಬಂದಳು.

‘ಲೇನಾ, ನನ್ ಜೊತೆ ಬಂದ್ಬಿಡು. ಒಲೆ ಪಕ್ಕದ ಬೆಚ್ಚಗಿನ ಕೋಣೆ ನಿಂಗೇ. ಹೊಸಾ ಉಣ್ಣೆ ಲಂಗ ಹೊಲಿಸ್ಕೊಡ್ತೀನಿ.’

‘ಫೀಬೆ?’

‘ಅಯ್ಯೋ, ಅವಳು ವೌಟರನ ಪಾಲು ಕಣೆ. ನಾನೇನ್ ಮಾಡ್ಲಿ? ಭಾನುವಾರ ಭಾನುವಾರ ಹೋಗಿ ನೋಡ್ಕೊಂಡ್ ಬಾ.’

ಮೂಗಿಗೆ ತುಪ್ಪ ಸವರುವುದರಲ್ಲಿ ಅವಳು ಚಿಕ್ಕಂದಿನಿಂದಲೂ ಜಾಣೆ. ಅವಳಣ್ಣ ಅಷ್ಟು ಕಷ್ಟವನ್ನೂ ಪಡಲಿಲ್ಲ. ಬಾಗಿಲಿಗೆ ಒರಗಿ, ಪೈಪು ಸೇದುತ್ತ ನಕ್ಕ.

‘ಮಗಳು ನನ್ ಹತ್ರ ಇದಾಳೆ. ನೀನೆಲ್ಲಿ ಹೋಗ್ತೀಯ ಮಾರಾಯ್ತಿ? ಸುಮ್ನೆ ಬಂದು ಕೈ ಹಿಡಿ.’

ನಿಜವಲ್ಲವೇ? ಮಗಳಿದ್ದಲ್ಲಿ ತಾಯಿ. ಅವನ ಕೈಯನ್ನೇ ಹಿಡಿಯುವುದೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡು ಸಾವಿನ ಮನೆಯ ಸಿಹಿ ಬಿಸ್ಕತ್ತುಗಳನ್ನು ತಟ್ಟೆಗೆ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಫೀಬೆ ಲಾಯದ ಕಡೆಯಿಂದ ಓಡಿಬಂದಳು.

‘ಅವ್ವಾ! ಅಲ್ಲೊಬ್ಬ ಬಂದಿದಾನೆ, ಎರಡು ಬೂದು ಕುದುರೆ ಕಟ್ಟಿದಾನೆ. ನನ್ ಬಾಯಿ ತೆಗೆಸಿ ಹಲ್ಲು ನೋಡ್ದ. ನಮ್ ಚಿಕ್ಕ ಧಣಿ ಕುದುರೆ ಹಲ್ಲು ನೋಡಿದ್ರು!’

ಎಂಥ ಕಳ್ಳ ಈ ವೌಟರ್! ನಾನು ಕೈ ಹಿಡಿಯುವುದನ್ನೇ ಕಾಯುತ್ತಿದ್ದ. ಹಿಡಿದ ಮರುಗಳಿಗೆ ನಾನು ಅವನವಳು, ಆ ಬೂದು ಕುದುರೆಗಳ ಬದಲಿಗೆ ನನ್ನ ಮಗಳು ಯಾವನೋ ಕುದುರೆ ವ್ಯಾಪಾರಿಯ ಬಂಡಿಯಲ್ಲಿ. ತಟ್ಟೆಯನ್ನು ಅವನ ತಲೆಯ ಮೇಲೇ ಒಡೆಯೋಣವೆನ್ನಿಸಿತು. ಒಡೆದರೆ ಫೀಬೆ ಸಿಗುತ್ತಾಳೆಯೇ? ಒಳಗಿಂದ ಪಾದ್ರಿ ಆಗಲೇ ನನ್ನ ಹೆಸರು ಕೂಗಿದ.

ನಡುಮನೆಯ ತುಂಬ ಜನ. ಬಿಸಿ ರಮ್ಮಿನ ವಾಸನೆ, ಪೈಪುಗಳ ಹೊಗೆ. ಒಂದು ಬದಿಗೆ ವೌಟರ್ ಮತ್ತು ಅವನ ಹೆಂಡತಿ ಕತ್ರೀನಾ, ಇನ್ನೊಂದು ಬದಿಗೆ ಮಾರ್ಗ್ರೀಟ್. ಅಣ್ಣ ತಂಗಿ ಇಬ್ಬರೂ ಬಲಗೈ ಚಾಚಿ ನಿಂತಿದ್ದರು. ನಾನು ಫೀಬೆಯನ್ನು ಎಳೆದುಕೊಂಡೇ ಒಳಗೆ ಬಂದೆ.

‘ಯಾರ ಕೈ ಹಿಡೀತೀಯಮ್ಮ?’ ಎಂದ ಪಾದ್ರಿ.

‘ಬುದ್ಧೀ, ಒಂದ್ ಮಾತು. ಇಬ್ರಲ್ಲಿ ಒಬ್ರನ್ನ ಆರಿಸ್ಕೋ ಅಂದಿದಾರೆ ದೊಡ್ಡ ಧಣಿ. ಹೆಸರು ಹಿಡಿದೇ ಹೇಳ್ಬೇಕು ಅಂತ ಬರ್ದಿದಾರಾ?’

ಪಾದ್ರಿ ಕನ್ನಡಕ ಏರಿಸಿ ಇನ್ನೊಮ್ಮೆ ಓದಿದ. ‘ಹಾಗೇನಿಲ್ಲ.’

‘ಹಾಗಾದ್ರೆ ಕೇಳಿ, ಎಲ್ರೂ ಕೇಳಿ! ನನ್ ಫೀಬೆ ಇಬ್ರಲ್ಲಿ ಯಾರ ಹತ್ರ ಇರ್ತಾಳೋ ಅವ್ರೇ ನನ್ನ ಆಯ್ಕೆ. ಅವಳನ್ನ ಇಟ್ಕೊಂಡ್ರೆ ನಾನಿದೀನಿ. ಅವಳನ್ನ ಹೊರಗಿನೋರಿಗೆ ಕೊಟ್ಟ ದಿನ, ಕೊಟ್ಟೋರನ್ನ ಬಿಟ್ಟು ಇನ್ನೊಬ್ರ ಮನೆಗೆ ಹೋಗ್ತೀನಿ. ಇದು ದೊಡ್ಡ ಧಣಿ ನಂಗೆ ಕೊಟ್ಟ ಹಕ್ಕು!’

ಪಕ್ಕದ ಹೊಲದ ಮುದುಕನೊಬ್ಬ ತೊಡೆ ತಟ್ಟಿ ನಕ್ಕ.

‘ಭಲೇ! ವೌಟರ್, ಆ ಬೂದು ಕುದುರೆಗಳು ಬೆಣ್ಣೆ ಕಡೀತಾವೇನಯ್ಯಾ?’

ಇಡೀ ನಡುಮನೆ ಗೊಳ್ಳೆಂದಿತು. ಸಾವಿನ ಮನೆಯೆಂಬುದೇ ಮರೆತುಹೋಯಿತು. ವೌಟರನ ಮುಖ ಬೀಟ್‌ರೂಟಿನಂತಾಯಿತು. ‘ಸರಿ, ಸರಿ! ಕುದುರೆ ಬೇಡ. ಫೀಬೆ ನನ್ ಹತ್ರಾನೇ ಇರ್ಲಿ, ನೀನೂ ಬಾ,’ ಎಂದು ಗುರುಗುಟ್ಟಿದ.

ಅಷ್ಟಕ್ಕೆ ಮಾರ್ಗ್ರೀಟ್ ಬಿಟ್ಟಾಳೆಯೇ? ‘ಅಣ್ಣಾ, ಫೀಬೆನ ನಂಗೆ ಕೊಡು. ನನ್ ಕಂದು ಕುದುರೆ ಜೋಡಿ ತಗೋ.’

‘ಆಗಲ್ಲ.’

‘ಜೊತೆಗೆ ಆ ಓಕ್ ಬೀರೂ ತಗೋ!’

ಬೀರು ಎಂದದ್ದೇ ತಡ, ಕತ್ರೀನಾಳ ಕಣ್ಣುಗಳು ಅರಳಿದವು. ಮದುವೆಯಾಗಿ ಬಂದ ದಿನದಿಂದ ಅವಳು ಆ ಬೀರನ್ನು ಸವರುವುದನ್ನು ನಾನು ನೋಡುತ್ತಲೇ ಇದ್ದೆ. ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ: ಹೇಳು ತಾಯಿ, ಹೇಳು!

ಕತ್ರೀನಾ ಗಂಡನ ತೋಳು ಹಿಡಿದೆಳೆದಳು. ‘ರೀ, ಬೀರು ತಗೊಳ್ಳಿ ಅಂದ್ರೆ! ಈ ಬಾಯಿಬಡುಕಿ ನನ್ ಅಡುಗೆಮನೆಗೆ ಬರೋದೇ ಬೇಡ. ಇವತ್ತು ಊರೆದುರು ನಿಮ್ಮ ಮಾನ ಕಳೆದೋಳು ನಾಳೆ ನಂದೂ ಕಳೀತಾಳೆ.’

ಬಾಯಿಬಡುಕಿಯಂತೆ! ಅಷ್ಟು ಚೆಂದದ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ವೌಟರ್ ಹೆಂಡತಿಯನ್ನು ನೋಡಿದ, ಬೀರನ್ನು ನೋಡಿದ, ಕೊನೆಗೆ ಫೀಬೆಯನ್ನು ತಂಗಿಯ ಕಡೆಗೆ ತಳ್ಳಿದ. ನಾನು ಎರಡೇ ಹೆಜ್ಜೆಗೆ ಹಾರಿ ಮಾರ್ಗ್ರೀಟಳ ಕೈಯನ್ನು ಗಬಕ್ಕನೆ ಹಿಡಿದುಬಿಟ್ಟೆ. ಅವಳು ‘ಅಯ್ಯಮ್ಮಾ’ ಎಂದಳು, ಆದರೂ ನಾನು ಬಿಡಲಿಲ್ಲ.

ಸಂಜೆಗೆ ಎತ್ತಿನ ಬಂಡಿ ಹೊರಟಿತು. ಮುಂದೆ ಮಾರ್ಗ್ರೀಟ್ ಮತ್ತು ಅವಳ ಪುಟ್ಟ ಮಗಳು ನೀಲ್ಟೆ. ಹಿಂದೆ ಮಜ್ಜಿಗೆ ಪೀಪಾಯಿಗಳ ನಡುವೆ ನಾನು, ನನ್ನ ಮಡಿಲಲ್ಲಿ ಫೀಬೆ. ನನಗೆ ಹಾಡಬೇಕೆನ್ನಿಸಿತು, ಹಾಡಿದೆ ಕೂಡ. ಫೀಬೆಯ ಕೆನ್ನೆ, ಕಿವಿ, ಬೆರಳು ಒಂದನ್ನೂ ಬಿಡದೆ ಮುತ್ತಿಟ್ಟೆ. ಗೆದ್ದಿದ್ದೆನಲ್ಲ! ಕ್ರೋಮರನ್ನೇ ಕ್ರೋಮರ ಮೇಲೆ ಎತ್ತಿಕಟ್ಟಿ ಗೆದ್ದಿದ್ದೆ!

ಮಾರ್ಗ್ರೀಟಳಿಗೂ ಖುಷಿ. ಮಗಳ ತಲೆ ಸವರುತ್ತ ಹೇಳಿದಳು: ‘ನೀಲ್ಟೆ, ಹಿಂದೆ ಕೂತಿದಾಳಲ್ಲ ಫೀಬೆ, ಇನ್ಮೇಲೆ ಅವ್ಳು ನಿನ್ನೋಳು. ನೀನು ಮದ್ವೆಯಾಗಿ ಹೋಗುವಾಗ ನಿನ್ ಜೊತೆ ಕಳಿಸ್ತೀನಿ.’

ನಾನು ಹಾಡು ನಿಲ್ಲಿಸಿದೆ. ಫೀಬೆ ತಲೆಯೆತ್ತಿ ನನ್ನ ಮುಖ ನೋಡಿದಳು.

‘ಅವ್ವಾ, ಆಗ್ಲೂ ನಿನ್ನ ಕೇಳ್ತಾರಾ?’

‘ಕೇಳದೇ ಇದ್ರೂ ಹೇಳ್ತೀನಿ ಮಗಳೇ,’ ಎಂದೆ, ಮುಂದೆ ಕೂತವರಿಗೆ ಕೇಳಿಸಲೆಂದೇ ಗಟ್ಟಿಯಾಗಿ.