ಭಟ್ಟಿ ಆರಿದ ವಾರ

"ಅಪ್ಪನ ಹಾಗೆ ನನಗೂ ರಾತ್ರಿಯೆಲ್ಲ ಎದ್ದೆದ್ದು ಓಡಾಡೋದು ಶುರುವಾದ್ರೆ, ಮೊದಲು ನಿನಗೇ ಹೇಳ್ತೀನಿ ಕಣೇ," ಎಂದು ಮದುವೆಯಾದ ವರ್ಷವೇ ಬೇಕರಿಯವನು ಹೆಂಡತಿಗೆ ಮಾತು ಕೊಟ್ಟಿದ್ದ. ಅವನ ಅಪ್ಪನದೂ ಅದೇ ಕಸುಬು. ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು, ಕಾಲಿನ ಹುಣ್ಣು ಮಾಯದೆ ಹೋದಾಗಷ್ಟೇ ಬಾಯಿ ಬಿಟ್ಟಿದ್ದ. ಆ ಕಾಲಿಗೆ ದಿನಾ ಬಟ್ಟೆ ಸುತ್ತಿದವಳು ಹೊಸ ಸೊಸೆ. ಗಂಡನಿಂದ ಮಾತು ತೆಗೆದುಕೊಂಡವಳೂ ಅವಳೇ.

ಈಗ ಅವಳು ದೂರದ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯ ಮೇಲ್ವಿಚಾರಕಿ. ಆರು ವಾರಕ್ಕೊಮ್ಮೆ ಎರಡು ದಿನ ಮನೆ. ಮಿಕ್ಕ ದಿನಗಳಲ್ಲಿ ಮನೆಯಲ್ಲಿ ಅವನು, ಮಗಳು ಇಬ್ಬರೇ; ಮಂಚದ ಗೋಡೆ ಬದಿ ಖಾಲಿ. ಬೇಕರಿಯವನು ಅತ್ತ ಹೊರಳುತ್ತಲೂ ಇರಲಿಲ್ಲ. ಅವಳ ದಿಂಬಿನಲ್ಲಿ ಬಿದ್ದ ಗುಳಿ ಹಾಗೇ ಇರಲಿ ಎಂದು.

ಮೂರು ತಿಂಗಳಿಂದ ಅವನಿಗೆ ರಾತ್ರಿ ಬಾಯಿ ಒಣಗುತ್ತಿತ್ತು. ಹೂಜಿಯ ನೀರು ಕುಡಿದು ಮಲಗಿದರೆ ಗಂಟೆಗೊಮ್ಮೆ ಬಚ್ಚಲಿಗೆ ಏಳಬೇಕು. ಬಂದರೆ ಮತ್ತೆ ನೀರು. ಅಂಗಾಲಿನಲ್ಲಿ ಇರುವೆ ಹರಿದ ಹಾಗೆ ಜುಮುಜುಮು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಭಟ್ಟಿ ಮುಂದೆ ಬೇಯುವವನಿಗೆ ದಾಹವಾಗದೆ ಇನ್ನೇನು, ಎಂದುಕೊಂಡ. ಅವನ ಅಪ್ಪನೂ ಮೊದಮೊದಲು ಹಾಗೇ ಅಂದುಕೊಂಡಿದ್ದ.

ಸಂಜೆ ಹೆಂಡತಿಯ ಫೋನು ಬರುತ್ತಿತ್ತು.

"ನಿದ್ದೆ ಸರಿಯಾಗಿ ಬರ್ತಿದೆಯೇನ್ರೀ?"

"ನೀನಿಲ್ದೆ ಎಲ್ಲಿಂದ ಬರುತ್ತೆ?"

"ಸಾಕು ಸಾಕು. ಪಕ್ಕದಲ್ಲಿದ್ದಾಗ ಗೊರಕೆ ಹೊಡೆದು ನನ್ನ ನಿದ್ದೆ ಕೆಡಿಸ್ತಿದ್ದೋರು!"

ನಕ್ಕು ಮಾತು ಮರೆಸುತ್ತಿದ್ದ. ಹೇಳಿದರೆ ಮರುದಿನವೇ ಅವಳು ಕೆಲಸ ಬಿಟ್ಟು ಬಂದುಬಿಡುತ್ತಾಳೆ. ಬರಲಿ ಎಂದು ಜೀವ ಹಂಬಲಿಸುತ್ತಿತ್ತು. ಅದಕ್ಕೇ ಹೇಳಲಾರ: ಕಾಯಿಲೆಯ ನೆವ ಮಾಡಿ ಕರೆಸಿಕೊಂಡಂತಾದರೆ?

ಅಷ್ಟರಲ್ಲಿ ಭಟ್ಟಿಯ ಇಟ್ಟಿಗೆ ಬಿರುಕು ಬಿಟ್ಟು, ರಿಪೇರಿಗೆಂದು ಬೇಕರಿ ಒಂದು ವಾರ ಮುಚ್ಚಿತು. ಐದನೆಯ ದಿನ ಬೆಳಿಗ್ಗೆ ಮಗಳು ಅವನ ತಲೆದೆಸೆಯ ಹೂಜಿಯನ್ನು ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ.

"ಅಪ್ಪಾ, ಭಟ್ಟಿ ಆರಿ ಐದು ದಿನ ಆಯ್ತಲ್ವಾ?"

"ಆಯ್ತಮ್ಮಾ."

"ಮತ್ತೆ ಈ ನೀರೆಲ್ಲ ಯಾರು ಕುಡಿದ್ರು, ಬೆಕ್ಕಾ? ಬಚ್ಚಲ ಬಾಗಿಲೂ ಅದೇ ತೆಗೀತೇನೋ, ರಾತ್ರಿ ಐದು ಸಲ!"

ಅವನು ಎದ್ದು ಬೇಕರಿಗೆ ಹೋದ. ಭಟ್ಟಿಯೊಳಗೆ ಕೈಯಿಟ್ಟು ನೋಡಿದ. ನೆಲದಷ್ಟೇ ತಣ್ಣಗಿತ್ತು. ತಪ್ಪು ಹೊರಿಸಲು ಇನ್ನು ಏನೂ ಉಳಿದಿರಲಿಲ್ಲ. ಹಿಟ್ಟಿನ ಮೂಟೆಯ ಮೇಲೆ ಕುಳಿತು ಫೋನು ಮಾಡಿದ.

"ಏನ್ರೀ, ಕೆಲಸದ ಹೊತ್ತಲ್ಲಿ?"

"ರಾತ್ರಿಯೆಲ್ಲ ಏಳ್ತಿದೀನಿ ಕಣೇ. ಅಪ್ಪನ ಹಾಗೇ."

ಅವಳು ಆಚೆ ಬಂದಳೇನೋ, ಹೊಲಿಗೆ ಯಂತ್ರಗಳ ಸದ್ದು ದೂರವಾಯಿತು.

"ಯಾವಾಗಿಂದ?"

"ಮೂರು ತಿಂಗಳಾಯ್ತು."

"ಈಗ್ಲೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಅಂಗಾಲಲ್ಲಿ ಗಾಯ ಇದೆಯಾ ನೋಡ್ಕೊಳ್ಳಿ, ಮಗಳ ಕೈಲೂ ನೋಡಿಸಿ. ಸಂಜೆ ಬಸ್ಸಿಗೆ ಹೊರಡ್ತೀನಿ."

"ನೀನು ಬರ್ಲಿ ಅಂತ ಹೇಳಿದ್ದಲ್ಲ ಕಣೇ..."

"ಗೊತ್ತು ಬಿಡಿ. ರಜಾ ಹಾಕಿ ಬರ್ತೀನಿ."

ಬೇಕರಿಯವನು ಕೊಟ್ಟ ಮಾತು ನಡೆಸಿದ, ಮೂರು ತಿಂಗಳು ತಡವಾಗಿ.