ಲೋಡ್ ಇದ್ದಾಗಲೇ ನೋಡಬೇಕು

ಮಿದುಳಿನ ಚಿತ್ರ ತೆಗೆಯುವ ಯಂತ್ರದ ಸದ್ದು ನಿಂತಿತು. ಗಾಜಿನ ಈಚೆ ಕೂತಿದ್ದ ಟೆಕ್ನಿಶಿಯನ್ ಕಲೀಮುಲ್ಲಾ ಪರದೆ ನೋಡುತ್ತ, ಪಕ್ಕದಲ್ಲಿದ್ದ ಡಾಕ್ಟರಿಗೆ ಇಲ್ಲವೆಂದು ತಲೆಯಾಡಿಸಿದ. "ಆಗಂಗಿಲ್ರೀ ಮೇಡಂ. ಹುಡುಗಿ ತಲಿ ಅಲ್ಲಾಡಿಸಾಕತ್ಯಾಳ. ಒಳಗ ಯಾರ ಜೋಡಿನೋ ಮಾತಾಡಾಕತ್ಯಾಳ."

ಬಾಗಿಲ ಬಳಿ ನಿಂತಿದ್ದ ಮೌನಪ್ಪನಿಗೆ ಇದನ್ನು ಕೇಳಿ ಸಮಾಧಾನವಾಯಿತು. ಹೆತ್ತವನಿಗೆ ಆಗಬಾರದ ಸಮಾಧಾನ, ಆದರೆ ಆದದ್ದು ಅದೇ. ಮಗಳ ತಲೆಯೊಳಗಿನ ದನಿಗಳು ಸರಿಯಾದ ಹೊತ್ತಿಗೆ ಬಂದಿದ್ದವು. ಇನ್ನು ಅವು ಚಿತ್ರದಲ್ಲಿ ಸಿಕ್ಕಿಬೀಳುತ್ತವೆ ಎಂದುಕೊಂಡ.

ಮಗಳು ದುರ್ಗಾ ದೇವದುರ್ಗದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಹೋದ ವರ್ಷ ಫ್ಯಾನಿನೊಳಗಿಂದ ಯಾರೋ ತನ್ನನ್ನು ಬೈಯುತ್ತಾರೆಂದು ರೂಮಿನ ಹುಡುಗಿಯರನ್ನೆಲ್ಲ ಎಬ್ಬಿಸಿ ಅತ್ತಳು. ಮಾನ್ವಿಯ ಮನೆಗೆ ಕರೆತಂದ ಮೇಲೆ ಊಟ ಬಿಟ್ಟಳು. ಅನ್ನದಲ್ಲಿ ಏನೋ ಬೆರೆಸಿದ್ದಾರೆಂದಳು. ಅರಕೇರಾದ ನೆಂಟರು ಬಂದು ನೋಡಿ, "ಓದಾಕ ಬ್ಯಾಸರಾಗಿ ನಾಟಕ ಹೂಡ್ಯಾಳ" ಎಂದು ಚಹಾ ಕುಡಿದು ಹೋದರು. ಊರ ಬಾಯಿಗೆ ಬೀಗ ಹಾಕಿದವರುಂಟೇ.

ರಾಯಚೂರಿನ ಡಾಕ್ಟರ್ ವಿಜಯಲಕ್ಷ್ಮಿ ಕೊಟ್ಟ ಗುಳಿಗೆ ನಾಟಿತು. ದುರ್ಗಾ ತಾನಾಗಿ ತಲೆ ಬಾಚಿಕೊಂಡಳು, ಒಂದು ದಿನ ಪುಂಡಿಪಲ್ಯ ಬೇಕೆಂದು ಕೇಳಿದಳು. ಅಂದು ತಾಯಿ ಗೋಪಮ್ಮ ಒಲೆಯ ಮುಂದೆ ಕೂತು ಅತ್ತುಬಿಟ್ಟಳು. ದನಿಗಳು ಆಗೊಮ್ಮೆ ಈಗೊಮ್ಮೆ ಬಂದಾಗ ದುರ್ಗಾ ಅಪ್ಪನ ಹತ್ತಿರ ಬಂದು ಕೇಳುತ್ತಿದ್ದಳು: "ಯಪ್ಪಾ, ಅನ್ನದಾಗ ವಿಷ ಅದ ಅಂತಾರ. ಖರೇನಾ?" ಅವನು "ಸುಳ್ಳವ್ವ" ಅನ್ನುತ್ತಿದ್ದ. ಅವಳು ಹೋಗಿ ಉಣ್ಣುತ್ತಿದ್ದಳು. ಬೇರೆ ಯಾರು ಹೇಳಿದರೂ ನಂಬುತ್ತಿರಲಿಲ್ಲ. ಗುಳಿಗೆ ಮಾಡಿದ್ದು ಅರ್ಧ ಕೆಲಸವಾದರೆ ಉಳಿದರ್ಧವನ್ನು ಈ ಒಂದು ಮಾತು ಮಾಡಿತ್ತು.

ಡಾಕ್ಟರು ಅಧ್ಯಯನದ ಮಾತೆತ್ತಿದ್ದು ಆಮೇಲೆ. "ಈ ವಯಸ್ಸಿನ ಮಕ್ಕಳ ಮಿದುಳಿನ ಚಿತ್ರ ತಗೀತೀವ್ರಿ. ಸುಮ್ನ ಮಲಗಿದಾಗ ಯಾವ ಭಾಗ ಯಾವ ಭಾಗದ ಜೋಡಿ ಕೂಡಿ ಕೆಲಸ ಮಾಡ್ತದ ಅಂತ ನೋಡಾಕ. ತಂತಿ ಜೋಡಿಸಿದಂಗ ತಿಳ್ಕೋರಿ. ಮುಂದಿನ ಮಕ್ಕಳಿಗಿ ಉಪಯೋಗ ಆಗ್ತದ. ಗುಳಿಗಿ ಮಾತ್ರ ಬಿಡಿಸಬ್ಯಾಡ್ರಿ."

ತಂತಿ ಅಂದದ್ದೇ ಬಂತು, ಆಮೇಲಿನ ಮಾತು ಅವನ ಕಿವಿಯಲ್ಲಿ ನಿಲ್ಲಲಿಲ್ಲ. ಮೌನಪ್ಪ ಲೈನ್‌ಮನ್. ಕಂಬ ಹತ್ತಿ ಇಳಿದೇ ಅರ್ಧ ಆಯುಷ್ಯ ಕಳೆದವನು. ಸಡಿಲಾದ ಜೋಡಣೆ ಲೋಡ್ ಇದ್ದಾಗ, ಅಂದರೆ ಕರೆಂಟು ಹರಿಯುವಾಗ, ಮಾತ್ರ ಕಿಡಿ ಕಾರುತ್ತದೆ. ಲೈನ್ ಬಂದ್ ಮಾಡಿ ಹುಡುಕಿದರೆ ಎಲ್ಲ ತಂತಿಯೂ ಸಾಧುವೇ. ಗುಳಿಗೆ ನುಂಗಿ ತೆಪ್ಪಗಿರುವ ತಲೆಯಲ್ಲಿ ಯಾವ ಫಾಲ್ಟ್ ಕಂಡೀತು? ಕಂಡರಲ್ಲವೇ ಡಾಕ್ಟರು ಅದನ್ನು ಕಾಯಂ ಬಿಗಿಯುವುದು, ತಾನು ಅರಕೇರಾದ ನೆಂಟರ ಮುಖಕ್ಕೆ ಆ ಚಿತ್ರ ಹಿಡಿಯುವುದು? ಯಾರಿಗೂ ಹೇಳದೆ, ನೋಡಲು ಡಾಕ್ಟರು ಕೊಟ್ಟದ್ದರಂತೆಯೇ ಇರುವ ಬಿಳಿ ಕ್ಯಾಲ್ಸಿಯಂ ಗುಳಿಗೆ ತಂದು, ರಾತ್ರಿ ಊಟವಾದ ಮೇಲೆ ಅದನ್ನೇ ಮಗಳ ಅಂಗೈಗೆ ಹಾಕುತ್ತ ಬಂದ. ಕೆಲವು ವಾರಗಳಲ್ಲಿ ಅವಳು ಮತ್ತೆ ಗೋಡೆಗೆ ಕಿವಿಗೊಡತೊಡಗಿದಳು. ಆದರೂ ಅವನು ಹಳೆಯ ಗುಳಿಗೆಗೆ ಮರಳಲಿಲ್ಲ.

ಯಂತ್ರದಿಂದ ಇಳಿಸಿದ ದುರ್ಗಾಳನ್ನು ಡಾಕ್ಟರು ತಮ್ಮ ಕೋಣೆಗೆ ಕರೆತಂದು ಅಪ್ಪ ಅಮ್ಮನ ನಡುವೆ ಕೂರಿಸಿದರು. ಅವಳು ಅಪ್ಪನ ಕೈ ಹಿಡಿದೇ ಇದ್ದಳು.

"ಫಾಲ್ಟ್ ಎಲ್ಲದ ಅಂತ ಗೊತ್ತಾತೇನ್ರೀ?" ಮೌನಪ್ಪ ಕೇಳಿದ.

"ತಲಿ ಅಲ್ಲಾಡಿ ಚಿತ್ರ ಕೆಟ್ಟದರೀ. ಸರಿ ಬಂದಿದ್ರೂ ಒಬ್ಬರ ಚಿತ್ರದಾಗ ರೋಗ ಇಲ್ಲಿ ಅದ ಅಂತ ತೋರ್ಸಾಕ ಬರಂಗಿಲ್ಲ. ಭಾಳ ಮಕ್ಕಳದು ಕೂಡಿಸಿ ನೋಡಬೇಕು. ಅವತ್ತ ಹೇಳಿದ್ನೆಲ್ರೀ, ಇದು ಮುಂದಿನ ಮಕ್ಕಳಿಗಿ ಉಪಯೋಗ ಆಗೂದು."

"ಮತ್ತ ಇಕೀಗಿ?"

ಡಾಕ್ಟರು ದುರ್ಗಾಳ ಮುಖ ನೋಡಿದರು. "ಇಷ್ಟು ಚಲೋ ಆಗಿದ್ದಾಕಿ ಹಿಂಗ್ಯಾಕ ಆದ್ಳು? ಗುಳಿಗಿ ಬರೋಬ್ಬರಿ ಕೊಡಾಕತ್ತೀರಿಲ್ಲೋ?"

"ಒಂದ್ ದಿನಾನೂ ತಪ್ಪಿಲ್ರಿ," ಗೋಪಮ್ಮ ಅಂದಳು. "ಅವರಪ್ಪ ತನ್ನ ಕೈಯಾರೆ ಕೊಡ್ತಾನ. ನನ್ನ ಕಣ್ಮುಂದ ನುಂಗ್ಯಾಳ."

"ಹಂಗಾದ್ರ ಈ ಗುಳಿಗಿ ನಾಟವಲ್ದು. ಬ್ಯಾರೆ ಜೋರಿಂದು ಸುರು ಮಾಡಬೇಕಾಗ್ತದ." ಡಾಕ್ಟರು ಪೆನ್ನು ತೆಗೆದರು.

ಅಷ್ಟರಲ್ಲಿ ದುರ್ಗಾ ಅಪ್ಪನ ಕೈ ಎಳೆದಳು. ಎಂದಿನಂತೆ ಮೆಲ್ಲಗೆ ಕೇಳಿದಳು.

"ಯಪ್ಪಾ, ನೀನ ಗುಳಿಗಿ ಬದಲಿ ಮಾಡಿದಿ ಅಂತಾರ. ಖರೇನಾ?"

"ಸುಳ್ಳವ್ವ, ಸುಳ್ಳು," ಗೋಪಮ್ಮ ಮಗಳ ಬೆನ್ನು ಸವರಿದಳು. ಪಾಪ, ಅವಳಿಗೇನು ಗೊತ್ತು. ದುರ್ಗಾ ತಾಯಿಯ ಕಡೆ ತಿರುಗಲೂ ಇಲ್ಲ. ಅವಳಿಗೆ ಬೇಕಿದ್ದುದು ಅಪ್ಪನ ಮಾತು.

ಸುಳ್ಳವ್ವ ಅಂದರೆ ಮಗಳ ನಂಬಿಕೆ ಉಳಿಯುತ್ತದೆ, ಆದರೆ ಡಾಕ್ಟರ ಪೆನ್ನು ಮುಂದೆ ಸರಿಯುತ್ತದೆ. ನಾಟಿದ ಗುಳಿಗೆ ತಪ್ಪಿ, ಏನು ಮಾಡುತ್ತದೋ ಗೊತ್ತಿಲ್ಲದ ಇನ್ನೊಂದು ಅವಳ ಹೊಟ್ಟೆ ಸೇರುತ್ತದೆ. ಅವನು ಡಾಕ್ಟರನ್ನು ನೋಡಿದ, ಹೆಂಡತಿಯನ್ನು ನೋಡಿದ. ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು.

"ಖರೇ ಅದವ್ವ," ಅಂದ. "ನಾನ ಬದಲಿ ಮಾಡೀನಿ."

ಗೋಪಮ್ಮನ ಕೈ ಮಗಳ ಬೆನ್ನ ಮೇಲೆ ನಿಂತುಹೋಯಿತು. ದುರ್ಗಾ ಅಳಲಿಲ್ಲ, ಸಿಟ್ಟಾಗಲಿಲ್ಲ. ಗಣಿತದ ಲೆಕ್ಕ ಬಿಡಿಸುವಾಗಿನಂತೆ ಹುಬ್ಬು ಗಂಟಿಕ್ಕಿ ಯೋಚಿಸಿದಳು.

"ಹಂಗಾದ್ರ ಅವ್ರು ಹೇಳಿದ ಉಳಿದದ್ದೂ ಖರೇ ಅದ. ಅನ್ನದಾಗಿನ ವಿಷಾನೂ."

ಅಪ್ಪನ ಕೈಯಿಂದ ಕೈ ಬಿಡಿಸಿಕೊಂಡು ಅವಳು ಖಾಲಿ ಗೋಡೆಯ ಕಡೆ ತಿರುಗಿದಳು. ಕರೆದವರಿಗೆ ಓಗೊಡುವಂತೆ, ಮೆತ್ತಗೆ, "ಹೂಂ, ಹೇಳ್ರಿ" ಎಂದಳು.