ಮಡಿಕೆಯಿಲ್ಲದ ಕರಪತ್ರ

ಹಾಯಾಮಿ ಊಟಕ್ಕೆ ಬರಲು ಇನ್ನು ಇಪ್ಪತ್ತು ನಿಮಿಷವಿತ್ತು. ತೇಜಸ್ವಿ ಕರಪತ್ರವನ್ನು ಮೂರನೆಯ ಸಲ ಕಿಟಕಿಯ ಬಳಿ ಒಯ್ದು, ಪರದೆ ಎಳೆದು, ಮೊಬೈಲಿನ ಬೆಳಕನ್ನು ಅಂಚಿನಿಂದ ಓರೆಯಾಗಿ ಬಿಟ್ಟು ನೋಡಿದ. ಜರ್ಮನಿಯ ಡ್ರೆಸ್ಡೆನ್ನಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಅವನ ಕೆಲಸವೇ ಅದು: ಓರೆ ಬೆಳಕಿನಲ್ಲಿ ಗೀರು ಹುಡುಕುವುದು.

ಎರಡನೇ ಮಹಾಯುದ್ಧದ ಕಾಲಕ್ಕೆ ಬರ್ಮಾದಲ್ಲಿ ಜಪಾನಿ ಸೈನಿಕರಿಗೆಂದು ಬ್ರಿಟಿಷರು ವಿಮಾನದಿಂದ ಉದುರಿಸುತ್ತಿದ್ದ ಹಾಳೆ. ಇದನ್ನು ಹಿಡಿದು ಶರಣಾದರೆ ಜೀವ ಉಳಿಯುತ್ತದೆ ಎಂದು ಒಂದು ಬದಿಯಲ್ಲಿ ಜಪಾನಿಯಲ್ಲಿ. ಇವನನ್ನು ಕೊಲ್ಲಬೇಡಿ ಎಂದು ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ. ಅಮ್ಮ ಸರಸಮ್ಮನ ತಂದೆ ಅಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದರು. ಒಬ್ಬ ಸೈನಿಕ ಇದನ್ನು ಎಂಟು ಮಡಿಕೆ ಮಾಡಿ ಅಂಗಿಯೊಳಗೆ ತಿಂಗಳುಗಟ್ಟಲೆ ಬಚ್ಚಿಟ್ಟಿದ್ದು, ಕೊನೆಗೆ ತಾತನ ಕೈಗೆ ಕೊಟ್ಟು ಬದುಕಿಕೊಂಡನಂತೆ. ತೇಜಸ್ವಿ ಈ ಕಥೆಯನ್ನು ಜಪಾನಿನ ಸಹೋದ್ಯೋಗಿ ಹಾಯಾಮಿಗೂ ಹೇಳಿದ್ದ. ಅದೇ ಯುದ್ಧಕ್ಕೆ ಹೋದ ಅವಳ ಮುತ್ತಜ್ಜ ಬರ್ಮಾದಿಂದ ಮರಳಿರಲಿಲ್ಲ. ಹಾಳೆ ನೋಡಬಹುದೇ ಎಂದು ಕೇಳಿದ್ದಳು. ಅಮ್ಮ ಮೈಸೂರಿನಿಂದ ಬರುವಾಗ ಅದನ್ನು ತಂದಿದ್ದರು, ಮನೆಯ ಮಾರ್ಕ್ಸ್ ಕಾರ್ಡುಗಳಂತೆ ಅದಕ್ಕೂ ಲ್ಯಾಮಿನೇಷನ್.

ಹಾಳೆಯಲ್ಲಿ ಒಂದೂ ಮಡಿಕೆಯಿರಲಿಲ್ಲ. ಪ್ಲಾಸ್ಟಿಕ್ಕು ಮಡಿಕೆಯನ್ನು ಒತ್ತಿ ಸಮ ಮಾಡಬಹುದು, ಕಾಗದದ ಮುರಿದ ನಾರನ್ನು ಕೂಡಿಸಲಾರದು. ಇದ್ದದ್ದು ಅಂಚಿನಲ್ಲಿ ಹುರಿ ಬಿಗಿದ ಗುರುತು ಮಾತ್ರ, ಕಟ್ಟಿನ ಮೇಲಿನ ಹಾಳೆಗೆ ಬೀಳುವಂಥದ್ದು.

"ಅಮ್ಮ, ಇದನ್ನ ಯಾರೂ ಮಡಚೇ ಇಲ್ಲ."

ಸರಸಮ್ಮ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದರು. "ಮನೇಲೂ ಡ್ಯೂಟಿ ಏನೋ ನಿಂದು? ಬಂದು ಹಪ್ಪಳ ಕರಿ."

"ಕರೀತೀನಿ. ತಾತ ಇದನ್ನ ಕಟ್ಟಿನಿಂದ ತಗೊಂಡಿದ್ದು ಅಲ್ವಾ? ಆ ಮನುಷ್ಯ ಬದುಕಿದ್ನಾ ಇಲ್ವಾ, ಅಷ್ಟು ಹೇಳು. ಅವಳು ಟ್ರಾಮ್ ಹತ್ತಿ ಆಗಿದೆ."

ಅವರು ಕೈ ಒರೆಸಿಕೊಂಡು ಕುರ್ಚಿ ಎಳೆದುಕೊಂಡರು.

"ಬರಿಗೈಲಿ ಬಂದ ಕಣೋ, ಎರಡೂ ಕೈ ಮೇಲೆತ್ತಿಕೊಂಡು. ಅಪ್ಪನ ಲಾರಿ ತುಂಬ ಇವೇ ಹಾಳೆ, ವಿಮಾನಕ್ಕೆ ತುಂಬೋಕೆ ಹೋಗ್ತಿತ್ತು. ಒಂದನ್ನ ಎಳ್ಕೊಂಡು, ಅವನ ಕೈಗೆ ಕೊಡೋಣ ಅಂತ ಇಳಿದ್ರು. ಅಷ್ಟರಲ್ಲಿ ಜೊತೇಲಿದ್ದ ಕಾವಲಿನವನು ಗುಂಡು ಹೊಡೆದ."

"ಮತ್ತೆ ಎಂಟು ಮಡಿಕೆ?"

"ಅದು ನಾನು ಸೇರಿಸಿದ್ದು. ನಿನಗಾಗ ಐದು ವರ್ಷ. ಆಮೇಲೆ ಏನಾಯ್ತು, ಆಮೇಲೆ ಏನಾಯ್ತು ಅಂತ ಪ್ರಾಣ ತಿಂದೆ. ಪ್ಲಾಸ್ಟಿಕ್ ಹಾಕಿಸಿದ್ರೆ ಯಾರೂ ಮುಟ್ಟಿ ನೋಡಲ್ಲ ಅಂದ್ಕೊಂಡಿದ್ದೆ. ನೀನು ಇಂಥಾ ಕೆಲಸಕ್ಕೇ ಸೇರ್ತೀಯ ಅಂತ ಏನು ಗೊತ್ತು."

ತೇಜಸ್ವಿ ಅಡುಗೆಮನೆಗೂ ಕಿಟಕಿಗೂ ಎರಡು ಸಲ ಓಡಾಡಿದ. ಹಾಳೆ ಮೈಸೂರಿನಲ್ಲೇ ಉಳಿಯಿತು ಎಂದುಬಿಡಬಹುದು. ಮೊಬೈಲ್ ತೆಗೆದು ಹಾಯಾಮಿಗೆ ಹಾಗೆಂದು ಅರ್ಧ ಸಾಲು ಬರೆದ. ಕೆಳಗಿನ ಬಾಗಿಲಿನ ಕರೆಗಂಟೆ ಸದ್ದಾಯಿತು.

"ಅಮ್ಮ, ಹಳೇ ಕಥೇನೇ ಇರಲಿ. ಅವಳಿಗೆ ಅದು ಸಾಕು."

"ನಿನಗೆ ಸಾಕಾಯ್ತಾ?" ಸರಸಮ್ಮ ಎದ್ದು ಸೆರಗು ಸರಿಮಾಡಿಕೊಂಡರು. "ನಡೆದದ್ದನ್ನ ನಾನು ಕನ್ನಡದಲ್ಲಿ ಹೇಳ್ತೀನಿ, ನೀನು ಇಂಗ್ಲಿಷಲ್ಲಿ ಹೇಳು. ನಾನು ಹೇಳಿದಷ್ಟೇ. ಏನೂ ಸೇರಿಸಬೇಡ."

ಅವನು ಬರೆದದ್ದನ್ನು ಅಳಿಸಿ, ಕೆಳಬಾಗಿಲು ತೆರೆಯುವ ಗುಂಡಿ ಒತ್ತಿದ. ಪರದೆ ಸರಿಸಿ, ಹಾಳೆಯನ್ನು ಮೇಜಿನ ಮೇಲೆ ಬೆಳಕು ಬೀಳುವ ಕಡೆ ಇಟ್ಟ. ಮೆಟ್ಟಿಲ ಮೇಲೆ ಹೆಜ್ಜೆಗಳು ಕೇಳತೊಡಗಿದವು. ಇನ್ನೂ ಮೂರು ಮಹಡಿ ಇತ್ತು.